ನಲವತ್ತೆರಡನೇ ಸುತ್ತಿಗೆ

ದರ್ಜಿಯ ಮೇಜಿನ ಒಂದು ಕಾಲು ಅಲುಗಾಡದೇ ಇದ್ದಿದ್ದರೆ ಅವತ್ತು ಏನೂ ಆಗುತ್ತಿರಲಿಲ್ಲ. ಆದರೆ ಆ ಕಾಲು ಬೆಳಗ್ಗೆ ಏಳೂವರೆಗೆ ಸರಿಯಾಗಿ ಅಲುಗಾಡಿತು. ದರ್ಜಿ ಎದುರುಮನೆಗೆ ಬಂದು ಒಂದು ಸುತ್ತಿಗೆ ಕೇಳಿದ. ಎದುರುಮನೆ ಅರಣ್ಯ ಇಲಾಖೆಯ ಗಾರ್ಡ್‌ನದು. ಗಾರ್ಡ್ ಸ್ನಾನಕ್ಕೆ ಹೋಗಿದ್ದ. ಅವನ ಹೆಂಡತಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಡಬ್ಬಿಗಳ ಹಿಂದೆ ಕಂಡ ಸುತ್ತಿಗೆಯನ್ನು ತೆಗೆದು ಕೊಟ್ಟುಬಿಟ್ಟಳು.

ಗಾರ್ಡ್‌ನನ್ನು ಬೀದಿಯವರೆಲ್ಲ ಕಾಡಣ್ಣ ಎಂದೇ ಕರೆಯುತ್ತಿದ್ದರು. ಮನೆಗಳ ಸಾಲು ಮುಗಿದಲ್ಲಿ ಶುರುವಾಗುವ ಸರ್ಕಾರಿ ಕಾಡಿಗೆ ಹನ್ನೊಂದು ವರ್ಷದಿಂದ ಅವನೇ ಕಾವಲು. ಯಾವ ಮರಕ್ಕೆ ಹುಳ ಬಿದ್ದಿದೆ, ಯಾವುದರ ಬೊಡ್ಡೆಯಲ್ಲಿ ಅಣಬೆ ಎದ್ದಿದೆ, ಯಾವುದು ಪಕ್ಕದ ಎಳೆಮರದ ಬೆಳಕನ್ನು ಕಸಿದುಕೊಳ್ಳುತ್ತಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಹೆಂಡತಿ ಹುಟ್ಟಿದ ದಿನ ಮಾತ್ರ ಪ್ರತಿ ವರ್ಷವೂ ಮರೆತುಹೋಗುತ್ತಿತ್ತು. ಆಫೀಸಿನ ಕಾಗದಗಳೆಂದರೂ ಅಷ್ಟೇ. ಮರದ ತೊಗಟೆಯನ್ನು ಮೂಗು ತಾಗಿಸಿ ಓದುವ ಮನುಷ್ಯ ಕಾಗದಕ್ಕೆ ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತಿದ್ದ.

ಹನ್ನೊಂದು ವರ್ಷವೂ ಗಾರ್ಡ್ ಆಗಿಯೇ ಉಳಿದವನಿಗೆ ಈ ಸಲ ಬಡ್ತಿಯ ಬಾಗಿಲು ತೆರೆದಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ಅವನದೇ. ಮೇಲಧಿಕಾರಿ ಮೇಡಂ ಈ ದಿನ ಮಧ್ಯಾಹ್ನ ಎರಡಕ್ಕೆ ಬಂದು, ಕಾಡು ನೋಡಿ, ಒಂದು ಒಳ್ಳೆಯ ಮಾತು ಬರೆದುಕೊಟ್ಟರೆ ಕೆಲಸ ಮುಗಿಯಿತು. ಹಿಂದಿನ ಸಂಜೆ ಅವರೇ ಫೋನ್ ಮಾಡಿ, "ನಾಳೆ ನಿಮ್ಮ ಸುತ್ತಿಗೆ ಮರೀದೆ ತನ್ನಿ" ಎಂದಿದ್ದರು. ಕಾಂಡ ಕೊರೆಯುವ ಹುಳ ಹತ್ತಿದ್ದ ಒಂಬತ್ತು ಮರಗಳನ್ನು ಗುರುತು ಮಾಡಿ ಕಡಿಸಬೇಕಿತ್ತು, ಇಲ್ಲದಿದ್ದರೆ ಹುಳ ಇಡೀ ಕಾಡಿಗೆ ಹಬ್ಬುತ್ತಿತ್ತು. ಅದಕ್ಕೇ ಕರೆದಿದ್ದಾರೆಂದು ತಿಳಿದ ಕಾಡಣ್ಣ, ಆಫೀಸಿನ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರಬೇಕಾದ ಸುತ್ತಿಗೆಯನ್ನು ನಿಯಮ ಮೀರಿ ಮನೆಗೆ ತಂದಿಟ್ಟಿದ್ದ.

ಅದು ಸಾಮಾನ್ಯ ಸುತ್ತಿಗೆಯಲ್ಲ. ಒಂದು ಬದಿಗೆ ಸಣ್ಣ ಕೊಡಲಿಯ ಬಾಯಿ, ಇನ್ನೊಂದು ಬದಿಗೆ ಉಬ್ಬಿದ ಮುದ್ರೆ. ಮುದ್ರೆಯಲ್ಲಿ ಬಳೆಯಂಥ ಒಂದು ಸುತ್ತು, ಸುತ್ತಿನೊಳಗೆ ಪುಟ್ಟ ಮರ, ಮರದ ಕೆಳಗೆ ನಲವತ್ತೆರಡು ಎಂಬ ಅಂಕಿ. ಕೊಡಲಿಯಿಂದ ಅಂಗೈಯಷ್ಟು ತೊಗಟೆ ಸವರಿ, ಮುದ್ರೆಯಿಂದ ಒಂದು ಏಟು ಹಾಕಿದರೆ ಆ ಮರದ ಆಯುಷ್ಯ ತೀರಿದಂತೆ. ಗರಗಸದವರು ಮುದ್ರೆ ಇಲ್ಲದ ಮರವನ್ನು ಮುಟ್ಟುವುದಿಲ್ಲ, ಮುದ್ರೆ ಇದ್ದ ಮರವನ್ನು ಬಿಡುವುದಿಲ್ಲ. ಒಮ್ಮೆ ಬಿದ್ದ ಮುದ್ರೆಯನ್ನು ಕೆತ್ತಿ ತೆಗೆಯುವುದು ಅಪರಾಧ. ಸುತ್ತಿಗೆ ಬೇರೆಯವರ ಕೈಗೆ ಹೋಯಿತೆಂದರೆ ಗಾರ್ಡ್ ಮನೆಗೆ ಹೋದಂತೆಯೇ ಲೆಕ್ಕ.

ಮೇಡಂ ಬರುವ ದಿನವೆಂದು ಹತ್ತು ಗಂಟೆಯವರೆಗೂ ಎಣ್ಣೆಸ್ನಾನ ಮಾಡಿದ ಕಾಡಣ್ಣ ತಲೆ ಒರೆಸಿಕೊಳ್ಳುತ್ತ ಬಂದು ಡಬ್ಬಿಗಳ ಹಿಂದೆ ಕೈ ಹಾಕಿದ. ಕೈಗೆ ಗೋಡೆ ಸಿಕ್ಕಿತು.

"ಇಲ್ಲೊಂದು ಸುತ್ತಿಗೆ ಇತ್ತಲ್ಲ?"

"ದರ್ಜಿ ಕೇಳಿದ್ರು, ಕೊಟ್ಟೆ" ಎಂದಳು ಹೆಂಡತಿ. "ಅದಕ್ಕೆ ಎಣ್ಣೆ ಜಿಡ್ಡು ಬೇರೆ. ಹಾಗೇ ಕೊಟ್ರೆ ಚೆನ್ನಾಗಿರಲ್ಲ ಅಂತ ನಿಮ್ಮ ಚೀಲದಲ್ಲಿದ್ದ ಯಾವುದೋ ಕಾಗದದಲ್ಲಿ ಸುತ್ತಿ ಕೊಟ್ಟೆ."

"ಅದು ಸರ್ಕಾರದ ಸುತ್ತಿಗೆ ಕಣೇ!"

"ಸರ್ಕಾರದ್ದಾದ್ರೆ ಮೊಳೆ ಒಳಗೆ ಹೋಗಲ್ವಾ? ಹೋಗಿ ಇಸ್ಕೊಂಡು ಬನ್ನಿ. ಎರಡು ಹೆಜ್ಜೆ ಅಲ್ವಾ?"

ಮೇಲೆ ಖಾಕಿ ಅಂಗಿ, ಕೆಳಗೆ ಮನೆಯಲ್ಲಿ ಉಡುವ ಪೈಜಾಮ, ಕಿವಿಯಲ್ಲಿ ಇನ್ನೂ ಸೋಪಿನ ನೊರೆ. ಆ ವೇಷದಲ್ಲೇ ಕಾಡಣ್ಣ ಬೀದಿ ದಾಟಿದ. ದರ್ಜಿಯ ಮೇಜು ಈಗ ಬಂಡೆಯ ಹಾಗೆ ನಿಂತಿತ್ತು. ಅದರ ನಾಲ್ಕೂ ಕಾಲಿನ ಮೇಲೆ ಸುತ್ತಿನೊಳಗಿನ ಪುಟ್ಟ ಮರ ನಾಲ್ಕೈದು ಕಡೆ ಅಚ್ಚಾಗಿತ್ತು. ನಿಯಮದ ಪ್ರಕಾರ ನೋಡಿದರೆ ದರ್ಜಿಯ ಮೇಜನ್ನು ಆ ಕ್ಷಣವೇ ಕಡಿಯಬೇಕಿತ್ತು.

"ಸುತ್ತಿಗೆ ಎಲ್ಲಿ?"

"ಬೇಕರಿ ಅಕ್ಕ ತಗೊಂಡು ಹೋದ್ರು. ಒಲೆ ಬಾಗಿಲ ಚಿಲಕ ಸೊಟ್ಟಗಾಗಿತ್ತಂತೆ" ಎಂದ ದರ್ಜಿ, ಟೇಪನ್ನು ಕೊರಳಿಂದ ತೆಗೆದು ಕಾಡಣ್ಣನ ಸೊಂಟಕ್ಕೆ ಸುತ್ತಿಯೇಬಿಟ್ಟ. "ನಿಂತ್ಕೊಳಿ, ಅಳತೆ ತಗೋತೀನಿ. ಬಡ್ತಿ ಬಂದ್ಮೇಲೆ ಹೊಸ ಯೂನಿಫಾರಂ ನಾನೇ ಹೊಲಿಯೋದು. ಭುಜದ ಪಟ್ಟಿಗೆ ಎರಡು ನಕ್ಷತ್ರ ಆಗ್ಲೇ ತರಿಸಿಟ್ಟಿದೀನಿ."

"ಬಿಡಪ್ಪಾ, ಸುತ್ತಿಗೆ ಸಿಗದಿದ್ರೆ ಇರೋ ಯೂನಿಫಾರಮ್ಮೂ ಬಿಚ್ಚಿಕೊಡಬೇಕಾಗುತ್ತೆ."

ದರ್ಜಿ ಬಿಡಲಿಲ್ಲ. ಟೇಪಿನ ಒಂದು ತುದಿ ಹಿಡಿದುಕೊಂಡು ತಿರುವಿನವರೆಗೂ ಹಿಂದೆಯೇ ಬಂದು, ತೋಳಿನ ಉದ್ದ ಬರೆದುಕೊಂಡ ಮೇಲೆಯೇ ನಿಂತ.

ಬೇಕರಿಯ ಮುಂದೆ ಎಂದೂ ಇಲ್ಲದ ಸಾಲು. ಕಾಡಣ್ಣ ಜನರ ಸಂದಿಯಲ್ಲಿ ತಲೆ ತೂರಿಸಿ ನೋಡಿದ. ತಟ್ಟೆ ತುಂಬ ಆಗಷ್ಟೇ ಇಳಿಸಿದ ಬಿಸ್ಕತ್ತುಗಳು, ಒಂದೊಂದರ ನಡುವೆಯೂ ಒಂದು ಸುತ್ತು, ಸುತ್ತಿನೊಳಗೆ ಪುಟ್ಟ ಮರ, ಅದರ ಕೆಳಗೆ ನಲವತ್ತೆರಡು.

"ಎಷ್ಟು ಚೆನ್ನಾಗಿ ಬಿದ್ದಿದೆ ನೋಡು, ತಮ್ಮಾ" ಎಂದಳು ಬೇಕರಿ ಅಕ್ಕ. ಅವಳ ಮುಖ ಒಲೆಯಷ್ಟೇ ಬೆಳಗುತ್ತಿತ್ತು. "ಚಿಲಕ ಬಡಿಯೋವಾಗ ಕೈತಪ್ಪಿ ಹಿಟ್ಟಿನ ಮೇಲೆ ಬಿತ್ತು. ಚಿತ್ರ ಮೂಡಿತು. ತೊಳೆದು ಎಲ್ಲಕ್ಕೂ ಒತ್ತಿಬಿಟ್ಟೆ. ಎರಡು ತಟ್ಟೆ ಖಾಲಿ, ಇದು ಮೂರನೇದು."

"ಅಕ್ಕಾ, ಆ ಮುದ್ರೆ ಇದ್ರೆ ಕಡೀಬೇಕು ಅಂತ ಅರ್ಥ."

"ಬಿಸ್ಕತ್ತು ಇನ್ನೇತಕ್ಕಿರೋದು, ಕಡಿಯೋದಕ್ಕೇ ಅಲ್ವಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾಡಣ್ಣ ನಗಲಿಲ್ಲ. ಉಳಿದ ಬಿಸ್ಕತ್ತನ್ನೆಲ್ಲ ತನಗೇ ಕೊಡಬೇಕೆಂದು ಕೇಳಿದ. ಹಿಂದಿನಿಂದ ಯಾರೋ, "ಸರ್ಕಾರದವರು ಅಂತ ಸಾಲು ಮುರೀತೀರಾ?" ಎಂದು ಅವನ ಅಂಗಿಯ ಕಾಲರ್ ಹಿಡಿದೆಳೆದರು. ಅವನಿಗೆ ಸಿಕ್ಕಿದ್ದು ಎರಡು ಬಿಸ್ಕತ್ತು. ಸಾಕ್ಷಿ ಉಳಿಯಬಾರದೆಂದು ಎರಡನ್ನೂ ಒಂದೇ ತುತ್ತಿಗೆ ನುಂಗಿ, ಕೆಮ್ಮುತ್ತಲೇ ಕೇಳಿದ.

"ಸುತ್ತಿಗೆ?"

"ಮೇಷ್ಟ್ರು ತಗೊಂಡು ಹೋದ್ರಪ್ಪ. ಅದನ್ನ ಸುತ್ತಿದ್ದ ಕಾಗದ, ಒಂದು ಡಬ್ಬಿ ಮೊಳೆ, ಎಲ್ಲಾ ಹೊತ್ಕೊಂಡು ಬೆಳಗಿನ ನಡಿಗೆ ಸಂಘದವರ ಜೊತೆ ನಿನ್ನ ಕಾಡಿಗೇ ಹೋದ್ರು. ಮರ ಉಳಿಸೋ ಕಾರ್ಯಕ್ರಮ ಅಂತೆ. ಒಳ್ಳೇ ಕೆಲಸ."

ಕಾಡಣ್ಣ ಮನೆಗೆ ಓಡಿ, ಪ್ಯಾಂಟು ಏರಿಸಿ, ಸೈಕಲ್ ಹತ್ತಿದ. ಮೊಳೆ, ಸುತ್ತಿಗೆ, ತನ್ನ ಕಾಡು, ಈ ಮೂರೂ ಒಂದೇ ಕಡೆ ಸೇರಿವೆ ಎಂಬುದನ್ನು ನೆನೆದಾಗೆಲ್ಲ ಅವನ ಕಾಲು ಪೆಡಲನ್ನು ಇನ್ನೂ ಜೋರಾಗಿ ತುಳಿಯುತ್ತಿತ್ತು. ದಾರಿಯಲ್ಲಿ ಎರಡು ಸಲ ಚೈನು ಕಳಚಿತು. ಎರಡನೇ ಸಲ ಅದನ್ನು ಕೂರಿಸುವಷ್ಟು ತಾಳ್ಮೆ ಉಳಿಯದೆ ಸೈಕಲನ್ನು ಬೇಲಿಗೆ ಒರಗಿಸಿ ಕಾಲಿಗೆ ಬುದ್ಧಿ ಹೇಳಿದ.

ಕಾಡು ತಲುಪಿದಾಗ ಹನ್ನೊಂದು ದಾಟಿತ್ತು. ನಡುದಾರಿಯ ಎರಡೂ ಬದಿಗೆ, ಅವನು ಕೂಸಿನಂತೆ ನೋಡಿಕೊಂಡ ನೆಟ್ಟನೆಯ ಮರಗಳ ಸಾಲಿನಲ್ಲಿ, ಹಸಿರು ತಗಡಿನ ಫಲಕಗಳು ತೂಗಾಡುತ್ತಿದ್ದವು. ಪ್ರತಿ ಫಲಕದ ಮೇಲೂ ಬಿಳಿ ಅಕ್ಷರದಲ್ಲಿ "ನನ್ನನ್ನು ಉಳಿಸಿ" ಎಂದಿತ್ತು. ಪ್ರತಿ ಫಲಕದ ಕೆಳಗೂ, ಅಂಗೈಯಷ್ಟು ತೊಗಟೆ ಅಚ್ಚುಕಟ್ಟಾಗಿ ಸವರಿ, "ಇದನ್ನು ಕಡಿಯಿರಿ" ಎಂಬ ಸರ್ಕಾರಿ ಮುದ್ರೆ ಒತ್ತಲಾಗಿತ್ತು.

ನಿವೃತ್ತ ಮುಖ್ಯೋಪಾಧ್ಯಾಯರು ಕೊನೆಯ ಮರಕ್ಕೆ ಕೊನೆಯ ಏಟು ಹಾಕಿ ತಿರುಗಿದರು. ನಡಿಗೆ ಸಂಘದ ಅಧ್ಯಕ್ಷರೂ ಅವರೇ. ಉಳಿದ ಸದಸ್ಯರು ಆಗಲೇ ಮನೆಯ ದಾರಿ ಹಿಡಿದಿದ್ದರು.

"ಬನ್ನಿ ಕಾಡಣ್ಣ, ಒಟ್ಟು ಮೂವತ್ತೊಂದು ಮರ. ಇಡೀ ಕಾಡಲ್ಲಿ ಅತ್ಯುತ್ತಮವಾದವನ್ನೇ ಆರಿಸಿದೀನಿ."

"ಮೇಷ್ಟ್ರೇ, ಮುದ್ರೆ ಯಾಕೆ ಒತ್ತಿದ್ರಿ?"

"ಬರೀ ಫಲಕ ಹಾಕಿದ್ರೆ ಯಾರು ಕೇಳ್ತಾರೆ ಹೇಳಿ. ಇಲಾಖೆ ಮುದ್ರೆ ಇದ್ರೆ ತೂಕ ಬರುತ್ತೆ. ಮೂವತ್ತೈದು ವರ್ಷ ಅಂಕಪಟ್ಟಿಗೆ ಮೊಹರು ಹಾಕಿದ ಕೈ ಇದು, ಒಂದೂ ಸೊಟ್ಟಗಿಲ್ಲ, ನೋಡಿ ಬೇಕಾದ್ರೆ."

ನಿಜಕ್ಕೂ ಒಂದೂ ಸೊಟ್ಟಗಿರಲಿಲ್ಲ. ಅದನ್ನು ನೋಡಿಯೇ ಕಾಡಣ್ಣನಿಗೆ ಅಳು ಬಂದಂತಾಯಿತು.

"ಮೊಳೆ ಹೊಡೆಯೋಣ ಅಂತಲೇ ಬಂದದ್ದು" ಎಂದು ಮೇಷ್ಟ್ರು ಮುಂದುವರಿಸಿದರು. "ಆದ್ರೆ ಬದುಕಿರೋ ಮರಕ್ಕೆ ಮೊಳೆ ಹೊಡೀಬಾರದು ಅಂತ ಈಗ ತಾನೇ ಎಲ್ಲೋ ಓದಿದ ಹಾಗೆ ನೆನಪು. ಅದಕ್ಕೆ ದಾರದಲ್ಲೇ ಕಟ್ಟಿಸಿದೆ. ಮೊಳೆ ಹಾಗೇ ಉಳಿದಿದಾವೆ. ಸುತ್ತಿಗೆ ಸುತ್ತಿದ್ದ ಕಾಗದದಲ್ಲೇ ಪೊಟ್ಟಣ ಕಟ್ಟಿದೀನಿ, ತಗೊಳ್ಳಿ. ನಿಮ್ಮ ಸುತ್ತಿಗೆಗೆ ನಮ್ಮ ಕಾಣಿಕೆ."

ಸುತ್ತಿಗೆ ಕೈಗೆ ಬಂತು. ಹೋದ ಜೀವದಲ್ಲಿ ಅರ್ಧ ಮರಳಿತು, ಇನ್ನರ್ಧ ಮೂವತ್ತೊಂದು ಮರಗಳಲ್ಲಿ ಹಂಚಿಹೋಗಿತ್ತು. ಮೇಷ್ಟ್ರನ್ನು ಹೇಗೋ ಸಾಗಹಾಕಿ ಕಾಡಣ್ಣ ತಲೆಯ ಮೇಲೆ ಕೈ ಹೊತ್ತು ಕುಳಿತ. ಎರಡು ಗಂಟೆಗೆ ಮೇಡಂ ಜೊತೆಗೇ ಗರಗಸದವರೂ ಬರುತ್ತಾರೆ. ಮುದ್ರೆ ಕಂಡರೆ ಗರಗಸ ಹಚ್ಚುತ್ತಾರೆ. ಇದೋ ಈ ಮರ ಗಾಳಿಗೆ ಬಾಗಿದಾಗ ಕಂಬ ಕೊಟ್ಟು ನಿಲ್ಲಿಸಿದ್ದು ಅವನೇ. ಅದರ ಪಕ್ಕದ್ದಕ್ಕೆ ಬೆಂಕಿ ತಾಗಿದ ವರ್ಷ ಕೊಡದಲ್ಲಿ ನೀರು ಹೊತ್ತದ್ದೂ ಅವನೇ. ಬಡ್ತಿ ಹೋಗಲಿ, ಇವು ನೆಲಕ್ಕುರುಳುವುದನ್ನು ಕಣ್ಣಾರೆ ನೋಡುವುದು ಅವನಿಂದ ಸಾಧ್ಯವೇ ಇರಲಿಲ್ಲ.

ಅಷ್ಟರಲ್ಲಿ ಗಾಳಿ ಬೀಸಿತು. ಎದುರಿನ ಮರದ ಫಲಕ ಜಾರಿ ಕೆಳಗಿಳಿದು ಮುದ್ರೆಯನ್ನು ಪೂರ್ತಿ ಮುಚ್ಚಿತು. ಕಾಡಣ್ಣ ಎದ್ದು ನಿಂತ. ಮತ್ತೆ ಗಾಳಿ ಬೀಸಿ ಫಲಕ ಪಕ್ಕಕ್ಕೆ ಸರಿದು, ಮುದ್ರೆ ಇಣುಕಿತು.

"ದಾರ ಆಗಲ್ಲ" ಎಂದು ಅವನು ಮರಕ್ಕೇ ಹೇಳಿದ. "ಒಂದೆರಡು ಮೊಳೆ ತಡ್ಕೊಳಪ್ಪ. ಜೀವ ಉಳಿಯುತ್ತೆ."

ಮುಂದಿನ ಎರಡೂವರೆ ಗಂಟೆ ಕಾಡಣ್ಣ ಮನುಷ್ಯನಾಗಿರಲಿಲ್ಲ, ಯಂತ್ರವಾಗಿದ್ದ. ದಾರ ಬಿಚ್ಚಿದ, ಫಲಕವನ್ನು ಮುದ್ರೆಯ ಮೇಲೆ ಒತ್ತಿ ಹಿಡಿದ, ಪೊಟ್ಟಣದಿಂದ ಎರಡು ಮೊಳೆ ತೆಗೆದ, ಹೊಡೆದ, ಮುಂದಿನ ಮರಕ್ಕೆ ಓಡಿದ. ಸುತ್ತಿಗೆಯಿಂದ ಹೊಡೆದರೆ ತಗಡಿನ ಮೇಲೂ ಮುದ್ರೆ ಬೀಳುತ್ತದೆಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಗುಂಡುಕಲ್ಲಿನಿಂದ ಬಡಿದ. ಹತ್ತು ಏಟಿಗೆ ಮೂರು ಅವನ ಹೆಬ್ಬೆರಳಿಗೇ ಬೀಳುತ್ತಿದ್ದವು. ಹತ್ತೊಂಬತ್ತನೇ ಮರದ ಹೊತ್ತಿಗೆ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅವನಿಗೆ ಅದೊಂದೂ ಗೊತ್ತಾಗಲಿಲ್ಲ. ಒಂದೂಮುಕ್ಕಾಲಿಗೆ ಮೂವತ್ತೊಂದನೇ ಫಲಕ ಕೂತಿತು. ಪೊಟ್ಟಣದಲ್ಲಿ ಎರಡೇ ಮೊಳೆ ಉಳಿದಿದ್ದವು. ಅದನ್ನು ಜೇಬಿಗೆ ಹಾಕಿಕೊಂಡು, ಮುಖ ಒರೆಸಿಕೊಂಡು ದಾರಿಯ ನಡುವೆ ನೆಟ್ಟಗೆ ನಿಂತ.

ಜೀಪು ಬಂತು. ಮೇಡಂ ಇಳಿದರು. ಹಿಂದಿನ ಗಾಡಿಯಿಂದ ಗರಗಸದವರ ಮೇಸ್ತ್ರಿ ತನ್ನ ಆಳುಗಳ ಜೊತೆ ಇಳಿದ. ಕಾಡಣ್ಣ ಸೆಲ್ಯೂಟ್ ಹೊಡೆದು, ಊದಿದ ಹೆಬ್ಬೆರಳನ್ನು ಬೆನ್ನ ಹಿಂದೆ ಅಡಗಿಸಿದ.

"ಅಬ್ಬಾ, ಎಷ್ಟೊಂದು ಫಲಕ" ಎಂದರು ಮೇಡಂ. "ಜನರೇ ಮಾಡಿದ್ದಾ? ತುಂಬಾ ಚೆನ್ನಾಗಿದೆ."

"ನಡಿಗೆ ಸಂಘದವರು, ಮೇಡಂ."

"ದಾರೀಲಿ ಬರ್ತಾ ನಿಮ್ಮ ಬೀದಿ ಬೇಕರೀಲಿ ಬಿಸ್ಕತ್ತು ತಗೊಂಡೆ. ಊಟ ಆಗಿರಲಿಲ್ಲ. ತಗೊಳ್ಳಿ ನೀವೂ ಒಂದು."

ಮೇಡಂ ಒಂದು ಬಿಸ್ಕತ್ತು ತೆಗೆದು ಕಚ್ಚಲು ಹೋದವರು, ಬಾಯಿಯ ಹತ್ತಿರ ನಿಲ್ಲಿಸಿ, ಕನ್ನಡಕ ಏರಿಸಿ ನೋಡಿದರು.

"ಇದೇನ್ರೀ ಇದು? ನಲವತ್ತೆರಡು ನಿಮ್ಮ ನಂಬರ್ ಅಲ್ವಾ?"

ಸುಳ್ಳು ಹೇಳಿ ಅಭ್ಯಾಸವಿದ್ದವನಾದರೆ ಅಲ್ಲೊಂದು ದಾರಿ ಹುಡುಕುತ್ತಿದ್ದ. ಕಾಡಣ್ಣನಿಗೆ ಅದೂ ಬರುತ್ತಿರಲಿಲ್ಲ. ಬೆಳಗಿನ ಸ್ನಾನದಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಅಡುಗೆಮನೆ, ದರ್ಜಿಯ ಮೇಜು, ಬೇಕರಿಯ ಸಾಲು, ಮೇಷ್ಟ್ರ ಮೊಹರಿನ ಹುಚ್ಚು, ಈ ಫಲಕಗಳ ಹಿಂದೆ ಇರುವ ಮೂವತ್ತೊಂದು ಮುದ್ರೆ, ಅಲ್ಲಿಗೆ ಆ ಉಸಿರು ಮುಗಿಯಿತು.

"ಎಲ್ಲಾ ಒಳ್ಳೇ ಮರ, ಮೇಡಂ. ಒಂದಕ್ಕೂ ಹುಳ ಇಲ್ಲ. ನನ್ನನ್ನ ಬೇಕಾದ್ರೆ ಮನೆಗೆ ಕಳಿಸಿಬಿಡಿ. ಇವುಗಳನ್ನ ಮಾತ್ರ ಕಡಿಸಬೇಡಿ."

ಮೇಡಂ ಬಿಸ್ಕತ್ತನ್ನು ಕಟಕ್ಕೆಂದು ಕಡಿದು ನಕ್ಕುಬಿಟ್ಟರು.

"ಅಲ್ರೀ, ಈ ಸುತ್ತಿಗೆಗಳು ರದ್ದಾಗಿ ಹದಿನೈದು ದಿನ ಆಯ್ತಲ್ಲ. ಈಗ ಮರಕ್ಕೆ ಬಳಿಯೋ ಬಣ್ಣದ ಪಟ್ಟಿ ಮಾತ್ರ ಲೆಕ್ಕ. ನಾನು ತನ್ನಿ ಅಂದಿದ್ದು ವಾಪಸ್ ತಗೊಳ್ಳೋಕೆ. ಅದರಲ್ಲಿ ಒತ್ತಿದ ಮುದ್ರೆಗೂ ಈ ಬಿಸ್ಕತ್ತಿಗೂ ಏನೂ ವ್ಯತ್ಯಾಸ ಇಲ್ಲ."

"ಹಾಗಾದ್ರೆ ಮರಗಳು?"

"ನೂರು ವರ್ಷ ಬಾಳಲಿ" ಎಂದರು ಮೇಡಂ. ಅವರ ದನಿ ಮೆತ್ತಗಾಯಿತು. "ಕೆಲಸ ಹೋದ್ರೂ ಪರವಾಗಿಲ್ಲ, ಮರ ಉಳೀಲಿ ಅಂದ ಗಾರ್ಡ್‌ನ ನಾನು ಇವತ್ತೇ ನೋಡಿದ್ದು. ನಿಮ್ಮ ಬಡ್ತಿಗೆ ನಾನೇ ಬರೀತೀನಿ."

ಕಾಡಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹತ್ತಿರದ ಮರವನ್ನು ತಬ್ಬಿಕೊಂಡ. ಮೇಸ್ತ್ರಿಯನ್ನೂ ತಬ್ಬಿಕೊಂಡ. ಸುತ್ತಿಗೆಯನ್ನು ಮೇಡಂ ಕೈಗೆ ಒಪ್ಪಿಸಿದ. ಒಂಬತ್ತು ಕಾಯಿಲೆಯ ಮರಗಳಿಗೆ ಮೇಡಂ ಜೀಪಿನಲ್ಲಿ ತಂದಿದ್ದ ಬಣ್ಣದಿಂದ ತಾನೇ ಹಳದಿ ಪಟ್ಟಿ ಬಳಿದ. ಗರಗಸಗಳು ಒಂದೊಂದಾಗಿ ಕೆಲಸ ಶುರು ಮಾಡಿದವು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಯಾಗಿತ್ತು. ಆದರೆ ಸಂತೋಷ ಹೆಚ್ಚಾದರೆ ಅವನ ಬಾಯಿ ನಿಲ್ಲುತ್ತಿರಲಿಲ್ಲ.

"ನನ್ನ ಅವಸ್ಥೆ ನೋಡಿ ಮೇಡಂ" ಎಂದು ಹೆಬ್ಬೆರಳನ್ನು ಎತ್ತಿ ತೋರಿಸಿದ. "ಮುದ್ರೆ ಕಾಣಬಾರದು ಅಂತ ನಾನೇ, ಈ ಕೈಯಿಂದಲೇ, ಮೂವತ್ತೊಂದು ಮರಕ್ಕೂ ಎರಡೆರಡು ಮೊಳೆ ಹೊಡೆದೆ. ಎರಡೇ ಮೊಳೆ ಉಳಿದಿವೆ." ಜೇಬಿನಿಂದ ಪೊಟ್ಟಣ ತೆಗೆದು, ಸಾಹಸದ ಗುರುತಾಗಿ ಅವರ ಮುಂದೆ ಹಿಡಿದ.

ಮೇಡಂ ಎರಡನೇ ಬಿಸ್ಕತ್ತನ್ನು ಬೇಕರಿಯ ಪೊಟ್ಟಣಕ್ಕೆ ವಾಪಸ್ ಹಾಕಿದರು. ಹತ್ತಿರದ ಫಲಕದ ಬಳಿ ಹೋಗಿ ಮೊಳೆಯ ತಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹಿಂದಿರುಗಿ ಬಂದು ಅವನ ಕೈಯಲ್ಲಿದ್ದ ಮೊಳೆಯ ಪೊಟ್ಟಣ ತೆಗೆದುಕೊಂಡು, ಎರಡು ಮೊಳೆಯನ್ನು ಅವನ ಅಂಗೈಗೆ ಸುರಿದು, ಕಾಗದವನ್ನು ನಿಧಾನವಾಗಿ ಬಿಡಿಸಿದರು. ಎಣ್ಣೆ, ಬಿಸ್ಕತ್ತಿನ ಹಿಟ್ಟು, ತುಕ್ಕು ಎಲ್ಲ ಹತ್ತಿದ್ದರೂ ಮೇಲಿನ ಇಲಾಖೆಯ ಚಿಹ್ನೆ ಚೆನ್ನಾಗಿಯೇ ಕಾಣುತ್ತಿತ್ತು.

"ಓದಿ" ಎಂದರು.

ಕಾಡಣ್ಣ ಓದಿದ. ಒಂದನೆಯದಾಗಿ, ಗುರುತಿನ ಸುತ್ತಿಗೆಗಳನ್ನೆಲ್ಲ ರದ್ದು ಮಾಡಲಾಗಿದೆ. ಎರಡನೆಯದಾಗಿ, ಮೊಳೆಯ ತೂತಿನಿಂದ ಕೊಳೆರೋಗವೂ ಕಾಂಡ ಕೊರೆಯುವ ಹುಳವೂ ಒಳಹೊಗುವುದರಿಂದ, ಜೀವಂತ ಮರಕ್ಕೆ ಯಾರೂ ಮೊಳೆ ಹೊಡೆಯಕೂಡದು. ಸಿಬ್ಬಂದಿಯೇ ಹೊಡೆದರೆ ಅವರ ಹೆಸರನ್ನು ಆ ವರ್ಷದ ಬಡ್ತಿ ಪಟ್ಟಿಯಿಂದ ತೆಗೆಯಲಾಗುವುದು. ಹೊಡೆದ ಒಂದೊಂದು ಮೊಳೆಯನ್ನೂ ಅವರೇ ಅದೇ ದಿನ ಸೂರ್ಯ ಮುಳುಗುವುದರೊಳಗೆ ಕಿತ್ತು, ತೂತಿಗೆ ಔಷಧಿ ಮೆತ್ತಬೇಕು. ಕಾಗದದ ಕೆಳಗೆ "ಓದಿ ಅರ್ಥ ಮಾಡಿಕೊಂಡಿದ್ದೇನೆ" ಎಂದಿತ್ತು. ಅದರ ಕೆಳಗಿನ ಸಹಿ ಅವನದೇ.

"ಮುದ್ರೆ ನಿಮ್ಮ ತಪ್ಪಲ್ಲ, ಬಿಟ್ಟೆ" ಎಂದರು ಮೇಡಂ. "ಇದನ್ನ ಹೇಗೆ ಬಿಡಲಿ, ನೀವೇ ಹೇಳಿ. ಮುಂದಿನ ವರ್ಷ ನೋಡೋಣ." ಅವರ ಮುಖದಲ್ಲಿಯೂ ಬೇಸರವಿತ್ತು. ನಲವತ್ತೆರಡನೇ ಸುತ್ತಿಗೆಯನ್ನು ಸೀಟಿನ ಕೆಳಗಿಟ್ಟುಕೊಂಡು ಜೀಪು ಹತ್ತಿದರು. ಒಂಬತ್ತು ಮರಗಳ ಕೆಲಸ ಮುಗಿಸಿದ ಗರಗಸದವರೂ ಸ್ವಲ್ಪ ಹೊತ್ತಿನಲ್ಲೇ ಹೊರಟುಹೋದರು.

ನಾಲ್ಕು ಗಂಟೆಯಾಗಿತ್ತು. ಕಾಡಣ್ಣ ಒಂದು ಮೊಳೆಯನ್ನು ಉಗುರಿನಿಂದ ಎಳೆದು ನೋಡಿದ, ಉಗುರು ಬಂತು. ಮೊಳೆ ಕೀಳಲು ಹಿಂದೆ ಕವಲಿರುವ ಸುತ್ತಿಗೆಯೇ ಆಗಬೇಕು. ಅವನು ಹೆಂಡತಿಗೆ ಫೋನ್ ಮಾಡಿದ.

"ಬೀದೀಲಿ ಯಾರ ಮನೇಲಾದ್ರೂ ಮೊಳೆ ಕೀಳೋ ಸುತ್ತಿಗೆ ಇದೆಯಾ ವಿಚಾರಿಸೇ. ಬೇಗ."

ಐದು ನಿಮಿಷದಲ್ಲಿ ಅವಳು ಬೀದಿಯನ್ನೆಲ್ಲ ಸುತ್ತಿ ಬಂದು ತಿರುಗಿ ಫೋನ್ ಮಾಡಿದಳು.

"ದರ್ಜಿ ಹತ್ರ ಇಲ್ವಂತೆ, ಅಂಗಿಗೆ ನಕ್ಷತ್ರ ಹೊಲಿಯೋದು ಮುಗೀತು ಅಂತ ಹೇಳಕ್ಕೆ ಹೇಳಿದ್ರು. ಬೇಕರಿ ಅಕ್ಕನ ಹತ್ರ ಇಲ್ಲ. ಮೇಷ್ಟ್ರ ಹತ್ರಾನೂ ಇಲ್ಲ. ಅಲ್ರೀ, ಈ ಬೀದೀಲಿ ಒಂದೇ ಒಂದು ಮನೇಲಿ ಸುತ್ತಿಗೆ ಇದ್ದಿದ್ರೆ, ಬೆಳಗ್ಗೆ ನಮ್ಮನೆಗೆ ಯಾಕ್ ಬರ್ತಿದ್ರು?"